ಟೈಗರ್ ಮಾಡಿದ ಗಲೀಜು, ರಾಜಣ್ಣ ತಂದ ನೀರು

“ಅಯ್ಯೋ, ಏನೋ ತುಳಿದ್ಬುಟ್ನಲ್ಲವ್ವ!” ಎಂದು ಅತ್ತೆ ಕೂಗಿದ್ದು ಕೇಳಿ ಹೊರಗೆ ಓಡಿದೆ. ಕಣ್ಣು ಮಂಜಾಗಿರುವ ಅವರು ದಾಸವಾಳ ಕೀಳಲು ಬರಿಗಾಲಲ್ಲಿ ಗೇಟಿನಾಚೆ ಹೋಗಿದ್ದರು. ಪಾದದ ತುಂಬ ನಾಯಿಯ ಹೊಲಸು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ, ಪಕ್ಕದ ಮನೆ ರಾಜಣ್ಣನವರ ನಾಯಿ ಟೈಗರ್ ದಿನಾ ಬೆಳಿಗ್ಗೆ ನಮ್ಮ ಗೇಟಿನ ಮುಂದೆಯೇ ಗಲೀಜು ಮಾಡುತ್ತಿತ್ತು. ನಾನು ಕಾಂಪೌಂಡ್ ಮೇಲಿಂದ ಜಗಳ ತೆಗೆದಾಗಲೆಲ್ಲ “ಮೂಕಪ್ರಾಣಿ, ಅದಕ್ಕೇನು ಗೊತ್ತಾಯ್ತದೆ?” ಎಂದು ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ನೀರು ತರಲು ತಿರುಗಿದರೆ ಅತ್ತೆ ಬೇಡವೆಂದರು. ನನ್ನ ಕೈ ಹಿಡಿದು, ಹಿಮ್ಮಡಿ ಊರುತ್ತ ಹೋಗಿ ರಾಜಣ್ಣನವರ ಮನೆ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

“ನಾಯಿಗೆ ಗೊತ್ತಾಗಾಕಿಲ್ಲ, ನಂಗೆ ಕಣ್ಣು ಕಾಣಾಕಿಲ್ಲ. ಇನ್ನು ನೋಡ್ಕಳೋರು ಯಾರಪ್ಪಾ, ನೀನೇ ಅಲ್ವಾ?”

ಹೊರಗೆ ಬಂದ ರಾಜಣ್ಣ ಆ ಪಾದ ನೋಡಿ, ಒಳಗಿನಿಂದ ಒಂದು ಬಕೆಟ್ ನೀರು, ಸೋಪು ತಂದರು. ನಾನು ಕೈ ಚಾಚಿದರೂ ಕೊಡದೆ, ತಾವೇ ಕುಕ್ಕರುಗಾಲಲ್ಲಿ ಕುಳಿತು ಅತ್ತೆಯ ಕಾಲು ತೊಳೆದರು. “ತಪ್ಪಾಯ್ತು ಕಣವ್ವ” ಎಂದಷ್ಟೇ ಹೇಳಿದರು. ಮರುದಿನದಿಂದ ಟೈಗರ್ ಕೊರಳಿಗೆ ಚೈನು ಬಂತು. ವಾಕಿಂಗ್ ಹೊರಟ ರಾಜಣ್ಣನವರ ಕೈಯಲ್ಲಿ ಹಳೇ ಪೇಪರು, ಒಂದು ಕವರ್ ತಪ್ಪದೆ ಇರುತ್ತವೆ.

ಹೇಳಬೇಕಾದ್ದನ್ನು ಎದುರು ಹೋಗಿ ಕೂತು ಹೇಳುವ ಧೈರ್ಯ ನನಗೆ ಬಂದದ್ದು ಅಂದು. ಮೊನ್ನೆ ಹಿಂದಿನ ಬೀದಿಯವರ ನಾಯಿ ಪಾರ್ಕಿನಲ್ಲಿ ಮಕ್ಕಳಾಡುವ ಜಾಗವನ್ನೇ ಗಲೀಜು ಮಾಡಿದಾಗ ಅವರ ಮನೆಗೆ ನಾನೇ ಹೊರಟೆ. “ತಡಿಯಮ್ಮ, ನಾನೂ ಬತ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದವರು ರಾಜಣ್ಣ.