ಖಾಲಿ ಇತ್ತೆಂದು ಬರೆದ ಊರು

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್. ಡಾಕ್ಟರಾಗಿರುವ ಸೊಸೆಯ ಡ್ಯೂಟಿ ಮುಗಿಯಲೆಂದು ಆಸ್ಪತ್ರೆಯ ಕೆಫೆಯಲ್ಲಿ ಕಾಯುತ್ತಿದ್ದೆ. ನನ್ನ ಟೇಬಲ್ಲಿಗೆ ಬಂದು ಕೂತ ವೃದ್ಧರು ಮಗಳ ಹೆರಿಗೆಗೆಂದು ಬಂದವರು. ಅವರ ದೇಶದಲ್ಲಿ ಸೈನ್ಯವೇ ಸರ್ಕಾರ. ಆ ಸೈನ್ಯದ ಅಧಿಕೃತ ಇತಿಹಾಸ ಬರೆದವನು ತಾನೇ ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಪಕ್ಕದ ಟೇಬಲ್ ಒರೆಸುತ್ತಿದ್ದ ಹೆಂಗಸು ದೇಶದ ಹೆಸರು ಕೇಳಿ ತಿರುಗಿದಳು. ತಾನೂ ಅಲ್ಲಿಯವಳೇ ಎಂದು ಊರಿನ ಹೆಸರು ಹೇಳಿದಳು. ಇಬ್ಬರ ತಾಯಿಭಾಷೆ ಬೇರೆ. ಮಾತು ಇಂಗ್ಲಿಷಿನಲ್ಲೇ ನಡೆಯಿತು.

ವೃದ್ಧರು ಹೇಳಿದರು: "ಸೈನ್ಯ ಹೋದಾಗ ಆ ಊರು ಖಾಲಿ ಇತ್ತು ಅಂತ ಬರ್ದಿದ್ದೀನಿ."

"ನಾವೆಲ್ಲ ಮನೇಲೇ ಇದ್ವಿ ಸರ್. ಬದುಕಿ ಉಳಿದವಳು ನಾನೊಬ್ಬಳೇ."

ಅವರು ಪೇಪರ್ ನ್ಯಾಪ್ಕಿನ್ ಎಳೆದುಕೊಂಡು ಪೆನ್ನು ತೆಗೆದರು. "ಹೆಸರುಗಳನ್ನ ಹೇಳಿ."

ಅವಳು ತಂಗಿಯಿಂದ ಶುರುಮಾಡಿದಳು. ನ್ಯಾಪ್ಕಿನ್ನಿನ ಎರಡೂ ಬದಿ ತುಂಬಿತು. ವೃದ್ಧರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಏಳಲು ಹೋದವರು ಮತ್ತೆ ಅದನ್ನು ಹೊರಗೆ ತೆಗೆದರು.

"ವಾಪಸ್ ಹೋದಾಗ ಏರ್‌ಪೋರ್ಟಲ್ಲಿ ಜೇಬು ನೋಡ್ತಾರೆ. ನೀವೇ ಇಟ್ಕೊಳ್ಳಿ."

ಅವಳು ಕೈ ಚಾಚಲಿಲ್ಲ. "ನಂಗೆ ಬರ್ಕೊಂಡು ನೆನಪಿಟ್ಕೋಬೇಕಿಲ್ಲ ಸರ್."