ಸ್ವೆಟರ್ ಮಾರುವಾಕೆಯ ಮಗಳು

ಬೆಟಗೇರಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ದೀಪಾವಳಿ ಮುಗಿದೊಡನೆ ಮುಂಡಗೋಡ ಕ್ಯಾಂಪಿನ ಟಿಬೆಟಿಯನ್ನರು ಬಂದು ಗದಗಿನ ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಒಂದು ವರ್ಷ ಅವರಲ್ಲಿ ಗಂಡ ಹೆಂಡತಿ ಇಬ್ಬರು ತಮ್ಮ ನಾಲ್ಕು ವರ್ಷದ ಮಗಳನ್ನು ನಮ್ಮಲ್ಲಿಗೆ ಕಳಿಸತೊಡಗಿದರು. ತಾಯಿ ಮಗುವನ್ನು ಒಳಗೆ ಬಿಟ್ಟು, ಬಹಳ ಹೊತ್ತು ಗೇಟಿನ ಬಳಿಯೇ ನಿಂತಿರುತ್ತಿದ್ದಳು.

ತಾಯಂದಿರ ಸಭೆಗೆ ಎಲ್ಲರ ಮನೆಗೂ ಹೇಳಿಕಳಿಸಿದೆ, ಅವಳೊಬ್ಬಳನ್ನು ಬಿಟ್ಟು. ಎರಡು ತಿಂಗಳಿದ್ದು ಹೋಗುವವರು, ಭಾಷೆಯೂ ಬಾರದು ಎಂದುಕೊಂಡಿದ್ದೆ. ಆ ದಿನ ಹುಡುಗಿ ಬಾಗಿಲಲ್ಲಿ ಕೂತು, ಬರುವ ಒಬ್ಬೊಬ್ಬ ತಾಯಿಯ ಮುಖವನ್ನೂ ನೋಡುತ್ತಿದ್ದಳು.

ಮರುದಿನ ತಾಯಿ ಒಳಗೆ ಬಂದಳು.

"ಅಕ್ಕಾರ, ನಿನ್ನೆ ಎಲ್ಲಾರ ಅವ್ವಂದಿರೂ ಬಂದಿದ್ರಂತ. ನನಗ್ಯಾಕ ಹೇಳಲಿಲ್ರಿ?"

ಅಚ್ಚ ನಮ್ಮ ಕಡೆಯ ಕನ್ನಡ. ನನಗೆ ನಾಚಿಕೆಯಾಯಿತು.

"ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ ಅನಕೊಂಡೆ," ಎಂದೆ.

"ಒಂದ್ ತಾಸು ಮುಚ್ಚಿ ಬರ್ತಿದ್ದೆ."

ತಪ್ಪಾಯಿತೆಂದು ಹೇಳಿ, ಇನ್ನು ಮೇಲೆ ಒಳಗೇ ಕೂಡಲು ಕರೆದೆ. ಅಂದಿನಿಂದ ದಿನವೂ ಒಂದಿಷ್ಟು ಹೊತ್ತು ಮಕ್ಕಳ ನಡುವೆ ಕೂತಳು. ಮೊದಮೊದಲು ದೂರ ಸರಿಯುತ್ತಿದ್ದ ಉಳಿದ ತಾಯಂದಿರು, ಆಮೇಲೆ ಅವಳಿಂದ ಟೊಪ್ಪಿಗೆ ಹೆಣೆಯಲು ಕಲಿತರು.

ಒಮ್ಮೆ ಮಕ್ಕಳು ಮಲಗಿದ್ದಾಗ ಹೇಳಿದಳು: "ನಮ್ಮ ಅಪ್ಪ, ಅವ್ವ ಗುಡ್ಡಾ ದಾಟಿ ಓಡಿ ಬಂದವರ್ರಿ. ದುಡಿಯಾಕ ಹೋಗಬೇಕಂತ ನನ್ನ ನಾಕನೇ ವರ್ಷಕ್ಕ ಹಾಸ್ಟೆಲ್‌ಗೆ ಬಿಟ್ರು. ಏಳು ವರ್ಷ ಇದ್ದಾಗ ಅವ್ವ ಸತ್ಲು. ಖಬರ ಬರೂದ್ರಾಗ ಎಲ್ಲಾ ಮುಗದಿತ್ತು. ಆಕಿ ಮುಖಾನ ನೆನಪಿಲ್ರಿ."

ನಾನು ಮಲಗಿದ್ದ ಅವಳ ಮಗಳ ಹೊದಿಕೆ ಸರಿಮಾಡಿದೆ.

ಸಂಕ್ರಾಂತಿ ಕಳೆದು ಬಿಸಿಲೇರಿದಾಗ ಅವರು ಗಂಟು ಕಟ್ಟಿದರು.

ಮರುವರ್ಷ ಗಂಡ ಒಬ್ಬನೇ ಬಂದಿದ್ದ. ಅಂಗಡಿಗೆ ಹೋಗಿ ಕೇಳಿದೆ.

"ಮಗಳನ್ನ ಹಾಸ್ಟೆಲ್‌ಗೆ ಹಾಕಿದ್ವಿರಿ. ವರ್ಷಾ ಊರೂರು ತಿರುಗೂದು, ಸಾಲಿ ತಪ್ಪತೈತಿ," ಎಂದ. ಸ್ವೆಟರ್ ಮಡಚುತ್ತ, "ಆಕಿ ಅವ್ವ ಅವತ್ತಿಂದ ಮಾತು ಕಮ್ಮಿ ಮಾಡ್ಯಾಳ್ರಿ. ಗದಗಿಗೆ ಬರಾಕ ಒಲ್ಲೆ ಅಂದ್ಲು," ಎಂದ.

ಆತನೇ ಹೆಂಡತಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯಿಂದ "ಅಕ್ಕಾರ" ಎಂದಳು. ಮುಂದೆ ಉಸಿರಷ್ಟೇ ಕೇಳುತ್ತಿತ್ತು. ಊಟ ಆತೇನು ಎಂದು ಕೇಳಿದೆ.

"ಇನ್ನೂ ಇಲ್ರಿ," ಎಂದಳು.