ತಗಡಿನ ಕೊಳವೆಯ ಕಬಡ್ಡಿ

ಈಗ ಸ್ವಲ್ಪ ಹೊತ್ತಿಗೆ ಮುಂಚೆ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಚೆಂಡು ತಗುಲಿ ಒಬ್ಬ ಹುಡುಗ ಮೊಣಕಾಲೂರಿ ಕೂತ. ಅಷ್ಟರಲ್ಲಿ ಪರದೆ ತುಂಬ ಬಾಣ, ಬೆಂಕಿ, ಗಿರ್ರನೆ ತಿರುಗುವ ಅಂಕಿಗಳು. ಕೋಟು ತೊಟ್ಟ ಇಬ್ಬರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಅವನ ಧೈರ್ಯ ಹೊಗಳತೊಡಗಿದರು. ಅವನು ಎದ್ದನೋ ಇಲ್ಲವೋ ತಿಳಿಯದೆ ನಾನು ತಬ್ಬಿಬ್ಬಾದೆ. ಇಂಥ ತಬ್ಬಿಬ್ಬು ನನಗೆ ಹೊಸದೇನಲ್ಲ ನೋಡಿ.

ಐವತ್ತರ ದಶಕದ ಮಾತು. ತೀರ್ಥಹಳ್ಳಿಯ ಮೈದಾನದಲ್ಲಿ ಮೇಳಿಗೆಯವರಿಗೂ ಹೊಸನಗರದವರಿಗೂ ಕಬಡ್ಡಿ. ನಮ್ಮಣ್ಣ ಸುಬ್ಬು ಮೇಳಿಗೆ ಕಡೆ. ಹಿಂದಿನ ವರ್ಷ ಅವನ ಬಲಗೈ ಮುರಿದು ಕೂಡಿಕೊಂಡಿತ್ತು. ಇನ್ನೊಂದು ಪೆಟ್ಟಾದರೆ ಕೈ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಅವನು ಗೋಗರೆದು ಗೋಗರೆದು, ಕೊನೆಗೆ ಅಮ್ಮ, "ಆಡು ಹೋಗು. ಆದ್ರೆ ನಾನೂ ಬರ್ತೀನಿ" ಎಂದಿದ್ದಳು.

ಆಟದ ವಿವರ ಹೇಳಲು ಕರೆಸಿದ್ದು ಶೇಷಪ್ಪನವರನ್ನು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲದೆ, ಕೂತಲ್ಲೇ, ಬರೀ ಮಾತಿನಲ್ಲಿ ಯುದ್ಧ ನಡೆಸಬಲ್ಲವರು. ಜರಿ ಶಲ್ಯ ಹೊದ್ದು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಬೆಂಚಿನ ಮೇಲೆ ನಿಂತರೆ ಹೊಳೆಯಾಚೆಗೂ ಕೇಳಬೇಕು. ಕಬಡ್ಡಿ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದೂ ಗೊತ್ತಿರಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಅಣ್ಣ ಗೆರೆ ದಾಟಿದ. "ಎಲವೋ, ಯಾರ ಅಪ್ಪಣೆಯಿಂದ ನನ್ನ ಕೋಟೆ ಹೊಕ್ಕೆ?" ಎಂದು ಶೇಷಪ್ಪನವರು ಹೊಸನಗರದ ಪರ ಗುಡುಗಿದರು. ಮರುಕ್ಷಣ ಅಣ್ಣನ ಪರವಾಗಿ ಅವರದೇ ಉತ್ತರ. ವಾದ, ಅದಕ್ಕೆ ಪ್ರತಿವಾದ. ಜನ ಆಟ ಬಿಟ್ಟು ಅವರ ಮುಖ ನೋಡತೊಡಗಿದರು. ನಾನೂ ಅಷ್ಟೇ, ಬಾಯೊಳಗೆ ನೊಣ ಹೋದರೂ ಗೊತ್ತಾಗದ ಹಾಗೆ. ಮೈದಾನದಂಚಿನ ಮನೆಯ ಜಗಲಿಯ ಮೇಲೆ ಹೆಂಗಸರ ಜೊತೆ ಕೂತಿದ್ದ ಅಮ್ಮನಿಗೆ ಗಂಡಸರ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಮೇಳಿಗೆಯ ಸಿಂಹ ಅಚಲನಾಗಿ ನಿಂತಿದ್ದಾನೆ!" ಎಂದದ್ದೂ ಚಪ್ಪಾಳೆಯೂ ಕೇಳಿ, ಮಗನನ್ನು ನೋಡುವ ಆಸೆಯಿಂದ ನಗುತ್ತಲೇ ಜನರನ್ನು ಸರಿಸಿಕೊಂಡು ಬಂದಳು.

ಸಿಂಹ ಕೈ ಹಿಡಿದುಕೊಂಡು ಮಣ್ಣಲ್ಲಿ ನರಳುತ್ತಿತ್ತು. ಅವನ ಮೇಲೆ ಬಿದ್ದಿದ್ದ ಹೊಸನಗರದವರೂ ಎದ್ದು, ಸೊಂಟಕ್ಕೆ ಕೈಯಿಟ್ಟು ತಮ್ಮ ಪರದ ವಾದ ಕೇಳುತ್ತಾ ನಿಂತಿದ್ದರು.

"ಅಯ್ಯೋ, ಇಷ್ಟು ಜನ ಎಂತ ನೋಡ್ತಾ ಇದ್ರಿ?" ಎಂದಳು ಅಮ್ಮ.

ಆ ವಾರದಲ್ಲೇ ಶೇಷಪ್ಪನವರು ಕಿತ್ತಳೆ ಹಿಡಿದು ಮನೆಗೆ ಬಂದರು. ಪಟ್ಟಿ ಕಟ್ಟಿದ ಕೈ ಮೆಲ್ಲಗೆ ಸವರಿ, "ಸುಬ್ಬು, ಇದು ಯಾವಾಗ ಆಯ್ತೋ? ನಾನು ಅಲ್ಲೇ ಇದ್ನಲ್ಲ" ಎಂದರು. ಕೊಳವೆಯಿಲ್ಲದ ಅವರ ದನಿ ತೀರ ಸಣ್ಣದು. ಕಣ್ಣಲ್ಲಿ ನೀರಿತ್ತು. ಬೈಯಲೆಂದೇ ಕಾದಿದ್ದ ಅಮ್ಮ ಗಲಿಬಿಲಿಗೊಂಡು ಕಾಫಿ ತರಲು ಎದ್ದಳು. ಅಣ್ಣನ ಕೈ ಕೊನೆಗೂ ನೆಟ್ಟಗಾಗಲಿಲ್ಲ. ಆ ದಿನದ ವಾದವೆಲ್ಲ ನನಗೆ ಇವತ್ತಿಗೂ ಬಾಯಿಪಾಠ; ಆಟ ಯಾರು ಗೆದ್ದರೆಂಬುದು ಮಾತ್ರ ಗೊತ್ತಿಲ್ಲ.

ಟಿವಿಯ ದನಿ ಪೂರ್ತಿ ತಗ್ಗಿಸಿದೆ.

"ಯಾಕಜ್ಜ, ಮಜಾ ಬರ್ತಿತ್ತಲ್ಲ?" ಎಂದಳು ಮೊಮ್ಮಗಳು.

"ಇರು, ಆ ಹುಡುಗ ಎದ್ನಾ ನೋಡೋಣ" ಎಂದು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋಗಿ ಕೂತೆ. ಜಾಹೀರಾತು ಬಂತು. ಅದು ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ಬೇರೊಬ್ಬ ಆಡುತ್ತಿದ್ದ.